ಕಲಿಸುವ ಆಸ್ಪತ್ರೆಯೋ, ದುಡಿಸುವ ಆಸ್ಪತ್ರೆಯೋ?

ಪಿಯುಸಿ, ನೀಟ್ ಫಲಿತಾಂಶಗಳು ಬಂದವೆಂದರೆ ನನಗೆ ಊರಿಂದ ಫೋನ್ ಶುರು. ಈ ಸಲ ಮೊದಲು ಮಾಡಿದವನು ಧಾರವಾಡದ ನನ್ನ ಚಿಕ್ಕಪ್ಪನ ಮಗ. "ಅಣ್ಣಾ, ಹುಡುಗಿಗೆ ಮೆಡಿಕಲ್ ಸೀಟ್ ಸಿಗಲಿಲ್ಲ. ನಿಮ್ಮ ಪುಣೆದಾಗ ಒಂದು ದೊಡ್ಡ ದವಾಖಾನ್ಯಾಗ ಹಾರ್ಟ್ ಟೆಕ್ನಿಷಿಯನ್ ಕೋರ್ಸ್ ಐತಂತ. ಒಂದು ವರ್ಷದ್ದು. ಕಲಿಸಿ ಅವರೇ ಕೆಲಸಾನೂ ಕೊಡ್ತಾರಂತ. ಸೇರಸ್ಲೇನು?"

ಇಪ್ಪತ್ತೆರಡು ವರ್ಷಗಳಿಂದ ನಾನು ಇದೇ ಕೆಲಸದಲ್ಲಿದ್ದೇನೆ. ಇಂಥದೇ ಒಂದು ಕೋರ್ಸಿಗೆ ಊರು ಬಿಟ್ಟು ಬಂದವನು. ಆದರೂ ಥಟ್ಟನೆ "ಹೂಂ" ಅನ್ನಲಾಗಲಿಲ್ಲ. ಯಾಕೆಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೃದಯ ತಂತ್ರಜ್ಞರ ಕೆಲಸವನ್ನು ಆಸ್ಪತ್ರೆಯೊಳಗೇ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಯ ಹೆಸರು ಹೇಳಿ ಡ್ಯೂಟಿ ಚಾರ್ಟ್ ತುಂಬಿಸಿಕೊಳ್ಳುವ ಆಸ್ಪತ್ರೆಗಳು ಮಕ್ಕಳಿಗೂ ಮೋಸ ಮಾಡುತ್ತಿವೆ, ರೋಗಿಗಳಿಗೂ ಮೋಸ ಮಾಡುತ್ತಿವೆ. ಅದು ನಿಲ್ಲಬೇಕು.

ಈ ಕೆಲಸ ಏನೆಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಆಂಜಿಯೋಗ್ರಾಂ ಆಯಿತೆಂದರೆ ನೆನಪಿನಲ್ಲಿ ಉಳಿಯುವುದು ಡಾಕ್ಟರ ಹೆಸರು. ಅವರು ಕೈಯ ಅಥವಾ ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ತೂರಿಸಿ ಹೃದಯದ ಬಾಯಿಗೆ ತಂದು ನಿಲ್ಲಿಸುವಾಗ, ಮಾನಿಟರಿನ ಒತ್ತಡದ ಗೆರೆಯ ಮೇಲೆ ಕಣ್ಣಿಟ್ಟು ಕೂತವರು ನಾವು. ರಕ್ತನಾಳದ ಬಾಯಿಯೇ ಕಿರಿದಾಗಿದ್ದರೆ ಕ್ಯಾಥೆಟರಿನ ತುದಿ ಅದನ್ನು ಮುಚ್ಚಿಬಿಡುತ್ತದೆ, ಗೆರೆ ಕುಗ್ಗುತ್ತದೆ. ಆ ಕ್ಷಣ ಬಣ್ಣದ ದ್ರವ ಒತ್ತಿದರೆ ಹೃದಯ ಲಯ ತಪ್ಪಬಹುದು, ನಾಳದ ಒಳಪದರ ಸೀಳಬಹುದು. "ಸರ್, ಡ್ಯಾಂಪ್ ಆಗ್ತಿದೆ" ಎಂದು ಕೂಗುವುದಕ್ಕೆ ಸಿಗುವುದು ಒಂದೆರಡು ಸೆಕೆಂಡು. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರನ್ನು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಕಟ್ಟಿದರೆ ಒತ್ತಡ ಸುಮಾರು 7 ಮಿಲಿಮೀಟರ್ ಹೆಚ್ಚು ತೋರಿಸುತ್ತದೆ. ಮೇಲೆ ಕಟ್ಟಿದರೆ ಅಷ್ಟೇ ಕಡಿಮೆ. ಯಂತ್ರ ಸುಳ್ಳು ಹೇಳುವುದಿಲ್ಲ, ಕಟ್ಟಿದವರು ಹೇಳಿಸುತ್ತಾರೆ.

ಇದನ್ನು ಕರಿಹಲಗೆಯ ಮುಂದೆ ಕೂತು ಕಲಿಯಲಾಗದು. ಗೆರೆ ಕುಗ್ಗುವುದನ್ನು ಹತ್ತಿಪ್ಪತ್ತು ಸಲ ಕಣ್ಣಾರೆ ಕಂಡು, ಪ್ರತಿ ಸಲವೂ ಪಕ್ಕದಲ್ಲಿ ನಿಂತವರು "ನೋಡು, ಈಗ" ಎಂದು ತೋರಿಸಿದರೆ ಮಾತ್ರ ಕಣ್ಣು ಪಳಗುತ್ತದೆ. ಹಾಗಾಗಿ ಆಸ್ಪತ್ರೆಯ ಶಾಲೆಗಳನ್ನೆಲ್ಲ ಮುಚ್ಚಿ ಎನ್ನುವವರ ಜೊತೆ ನಾನಿಲ್ಲ. ಪಕ್ಕದಲ್ಲಿ ನಿಂತು ತೋರಿಸುವವರು ಇದ್ದಾರೋ ಇಲ್ಲವೋ ಎಂಬುದಷ್ಟೇ ನನ್ನ ತಕರಾರು.

ನನಗೆ ಇರಲಿಲ್ಲ. ಮುಂಬೈಯ ಆಸ್ಪತ್ರೆಯೊಂದರಲ್ಲಿ ಸೇರಿ ಎರಡನೇ ತಿಂಗಳಿಗೇ ರಾತ್ರಿ ಪಾಳಿಗೆ ಒಬ್ಬನನ್ನೇ ಹಾಕಿದರು. ಮಧ್ಯರಾತ್ರಿ ಕಳೆದ ಮೇಲೆ ಎದೆನೋವೆಂದು ಬಂದ ಅಜ್ಜನೊಬ್ಬರ ಈಸಿಜಿ ತೆಗೆದೆ. ನಿದ್ದೆಗಣ್ಣಿನಲ್ಲಿ ಬಲಗೈಯ ತಂತಿ ಎಡಗೈಗೆ, ಎಡಗೈಯದು ಬಲಗೈಗೆ ಹೋಗಿತ್ತು. ಮೊದಲ ಲೀಡ್ ಪೂರ್ತಿ ತಲೆಕೆಳಗಾಗಿ ಬಂತು. ಡ್ಯೂಟಿಯಲ್ಲಿದ್ದ ಹೊಸ ಡಾಕ್ಟರು ಅದನ್ನು ಹೃದಯಾಘಾತವೆಂದೇ ಓದಿ, ದೊಡ್ಡ ಡಾಕ್ಟರಿಗೆ ಫೋನ್ ಮಾಡಲು ಹೊರಟರು. ವಯಸ್ಸಾದ ಮಲಯಾಳಿ ಸಿಸ್ಟರೊಬ್ಬರು ಕಾಗದ ಕೈಗೆ ತಗೊಂಡು, ಕೆಳಮುಖವಾಗಿ ಇರಬೇಕಾದ ಎವಿಆರ್ ಲೀಡ್ ಮೇಲ್ಮುಖವಾಗಿರುವುದನ್ನು ಕಂಡು, "ತಂತಿ ನೋಡು ಮಗನೇ" ಎಂದರು. ಎರಡನೇ ಸಲ ತೆಗೆದಾಗ ಸರಿಯಾಗಿ ಬಂತು. ಅಜ್ಜ ಉಳಿದದ್ದು ಆ ಸಿಸ್ಟರ ಪುಣ್ಯ, ನನ್ನ ಶಾಲೆಯ ಪಾಠದಿಂದಲ್ಲ. ತಂತಿ ಅದಲುಬದಲಾದರೆ ಗೆರೆ ಹೇಗೆ ಕಾಣುತ್ತದೆಂಬ ಪಾಠ ನನಗೆ ಅಲ್ಲಿಯವರೆಗೆ ಆಗಿರಲೇ ಇಲ್ಲ. ಬೆಳಿಗ್ಗೆ ಬಯ್ಯಿಸಿಕೊಂಡವನು ಮಾತ್ರ ನಾನು. ಅಲ್ಲಿ ಒಬ್ಬನನ್ನೇ ಕೂರಿಸಿದವರನ್ನು ಯಾರೂ ಏನೂ ಕೇಳಲಿಲ್ಲ.

ಇಂಥ ಶಾಲೆಯನ್ನು ಗುರುತಿಸಲು ಒಂದೇ ಪ್ರಶ್ನೆ ಸಾಕು: ನಾಳೆ ಬೆಳಿಗ್ಗೆ ವಿದ್ಯಾರ್ಥಿಗಳೆಲ್ಲ ರಜೆ ಹಾಕಿದರೆ ಕ್ಯಾಥ್ ಲ್ಯಾಬ್ ನಡೆಯುತ್ತದೆಯೇ? ನಡೆದರೆ ಅದು ಶಾಲೆ. ನಿಂತುಹೋದರೆ ಅಲ್ಲಿರುವವರು ನೌಕರರು. ಅವರಿಗೆ ಸಂಬಳ ಕೊಡದೆ, ಉಲ್ಟಾ ಅವರಿಂದಲೇ ಫೀಸು ವಸೂಲಿ ಮಾಡಲಾಗುತ್ತಿದೆ.

ಇನ್ನೊಂದು ವಿಷಯಕ್ಕೆ ನನಗೆ ಬರುವ ಸಿಟ್ಟು ಹೆಚ್ಚು. ಕ್ಯಾಥ್ ಲ್ಯಾಬಿನಲ್ಲಿ ಕೆಲಸ ನಡೆಯುವುದು ಎಕ್ಸ್-ರೇ ಬೆಳಕಿನಲ್ಲಿ. ವಿಕಿರಣದ ನಡುವೆ ದುಡಿಯುವವರು ಟಿಎಲ್‌ಡಿ ಬ್ಯಾಡ್ಜ್ ಧರಿಸಬೇಕು. ಯಾರ ಮೈಗೆ ಎಷ್ಟು ವಿಕಿರಣ ಬಿತ್ತೆಂದು ಅದರಿಂದ ತಿಳಿಯುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ನನ್ನ ತರಬೇತಿಯ ದಿನಗಳಲ್ಲಿ ನಮಗೆ ಹಳೆಯ ಸೀಸದ ಏಪ್ರನ್ ಸಿಕ್ಕಿತು, ಬ್ಯಾಡ್ಜ್ ಸಿಗಲಿಲ್ಲ. "ನೀವು ಸ್ಟಾಫ್ ಅಲ್ಲವಲ್ಲ" ಎಂದರು. ರಾತ್ರಿ ಪಾಳಿಗೆ ಸ್ಟಾಫ್, ಬ್ಯಾಡ್ಜಿಗೆ ವಿದ್ಯಾರ್ಥಿ! ನನ್ನ ಮೈಗೆ ಆ ವರ್ಷ ಎಷ್ಟು ಬಿತ್ತೆಂಬುದು ಯಾವ ದಾಖಲೆಯಲ್ಲೂ ಇಲ್ಲ.

ಆಸ್ಪತ್ರೆ ನಡೆಸುವವರೂ ತಮ್ಮ ವಾದ ಇಡುತ್ತಾರೆ. ಕಾಲೇಜುಗಳಿಗಿಂತ ನಮ್ಮ ಫೀಸು ಕಡಿಮೆ, ಅದಕ್ಕೆ ಬದಲಾಗಿ ಕೆಲಸ ತಗೊಂಡರೆ ತಪ್ಪೇನು ಎನ್ನುತ್ತಾರೆ. ಹಿರಿಯ ತಂತ್ರಜ್ಞರಂತೂ ನಾವೂ ಹೀಗೇ ಕಲಿತವರು ಎನ್ನುತ್ತಾರೆ. ಅದು ನಿಜ ಕೂಡ. ನಾನು ಕಂಡ ಅತ್ಯುತ್ತಮ ತಂತ್ರಜ್ಞರಲ್ಲಿ ಇಬ್ಬರಿಗೆ ಡಿಗ್ರಿಯೇ ಇರಲಿಲ್ಲ. ಆದರೆ ಹಾಗೆ ಕಲಿಯುವಾಗ ಆದ ತಪ್ಪುಗಳ ಲೆಕ್ಕ ಯಾರು ಬರೆದಿಟ್ಟಿದ್ದಾರೆ? ಉಳಿದವರು ಕತೆ ಹೇಳುತ್ತಾರೆ, ನಮ್ಮ ಕೈಯಲ್ಲಿ ಕೆಟ್ಟ ರೋಗಿ ಹೇಳುವುದಿಲ್ಲ. ಇನ್ನು ಕೆಲಸವೇ ಬೇಕಿದ್ದರೆ ಅಪ್ರೆಂಟಿಸ್ ಎಂದು ತಗೊಳ್ಳಿ, ತಿಂಗಳಿಗೆ ಸ್ಟೈಪೆಂಡ್ ಕೊಡಿ. ದೇಶದಲ್ಲಿ ಅದಕ್ಕೆ 1961ರಿಂದ ಕಾಯ್ದೆಯೇ ಇದೆ.

ಈಗ ಕಾನೂನೂ ಬದಲಾಗಿದೆ. ಡಾಕ್ಟರು, ನರ್ಸು, ಫಾರ್ಮಸಿಸ್ಟ್ ಬಿಟ್ಟು ಉಳಿದ ಆರೋಗ್ಯ ವೃತ್ತಿಗಳಿಗಾಗಿ ಸಂಸತ್ತು 2021ರಲ್ಲಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಹೃದಯ ತಂತ್ರಜ್ಞರೂ ಅದರ ಪಟ್ಟಿಯಲ್ಲಿದ್ದಾರೆ. ಅದರ ಪ್ರಕಾರ ಡಿಪ್ಲೊಮಾ ಇರಲಿ, ಡಿಗ್ರಿ ಇರಲಿ, ಕಲಿಕೆ ಕನಿಷ್ಠ ಎರಡು ವರ್ಷ, 2,000 ಗಂಟೆ ಇರಬೇಕು. ಒಂದು ವರ್ಷದ ಸರ್ಟಿಫಿಕೇಟ್ ಈ ಅಳತೆಗೆ ನಿಲ್ಲುವುದಿಲ್ಲ. ರಾಜ್ಯಗಳು ಎಷ್ಟು ನಿಧಾನ ಮಾಡಿದವೆಂದರೆ, ಕಾಯ್ದೆ ಜಾರಿ ಮಾಡಿ ಎಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಡಬೇಕಾಯಿತು. ಕಾಯ್ದೆ ಬಿಗಿಯಾದಂತೆ ಒಂದು ವರ್ಷದ ಕಾಗದ ಹಿಡಿದು ಹೊರಬಂದ ಮಕ್ಕಳು ಎಲ್ಲಿ ನಿಲ್ಲುತ್ತಾರೆ? ಸರ್ಟಿಫಿಕೇಟ್ ಕೊಟ್ಟ ಆಸ್ಪತ್ರೆ ಅದಕ್ಕೆ ಜವಾಬು ಕೊಡುವುದಿಲ್ಲ.

ತಮ್ಮನಿಗೆ ನಾನು ಐದು ಪ್ರಶ್ನೆ ಬರೆಸಿದೆ. ಈ ಕೋರ್ಸನ್ನು ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿ ಮಾನ್ಯ ಮಾಡಿದೆ? ಕಲಿಸುವುದೇ ಕೆಲಸವಾಗಿರುವವರು ಎಷ್ಟು ಜನ ಇದ್ದಾರೆ? ರಾತ್ರಿ ಪಾಳಿಯಲ್ಲಿ ಹುಡುಗಿಯ ಪಕ್ಕದಲ್ಲಿ ಯಾರಿರುತ್ತಾರೆ? ಅವಳ ಹೆಸರಿನಲ್ಲಿ ಬ್ಯಾಡ್ಜ್ ಕೊಡುತ್ತೀರಾ? ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಎಷ್ಟು? ಅವನು ಫೋನ್ ಮಾಡಿ ಕೇಳಿದ. "ಮೊದಲು ಅಡ್ಮಿಷನ್ ಮಾಡಿಸಿ, ಆಮೇಲೆ ಎಲ್ಲ ಹೇಳ್ತೀವಿ" ಎಂದರಂತೆ.

ಪುಣೆ, ಮುಂಬೈ, ಚೆನ್ನೈ, ಹೈದರಾಬಾದಿನಲ್ಲಿರುವ ನಮ್ಮನ್ನು ನಂಬಿಯೇ ಊರಿನವರು ಮಕ್ಕಳನ್ನು ಕಳಿಸುತ್ತಾರೆ. ಧಾರವಾಡದಲ್ಲಿ ಕೂತ ಅಪ್ಪನಿಗೆ ಆಸ್ಪತ್ರೆಯ ಹೊಳೆಯುವ ಬ್ರೋಷರ್ ಕಾಣುತ್ತದೆ, ಡ್ಯೂಟಿ ಚಾರ್ಟ್ ಕಾಣುವುದಿಲ್ಲ. ನಾವು "ದೊಡ್ಡ ಆಸ್ಪತ್ರೆ, ಹೆಸರಿದೆ, ಸೇರಿಸಿ" ಎಂದು ಫೋನ್ ಇಡುತ್ತೇವೆ. ಇನ್ನು ಮೇಲೆ ಹಾಗೆ ಮಾಡಬೇಡಿ. ಒಂದು ಸಂಜೆ ಎದ್ದು ಆ ಆಸ್ಪತ್ರೆಗೆ ಹೋಗಿ. ಪಾಳಿ ಮುಗಿಸಿ ಹೊರಬರುವ ವಿದ್ಯಾರ್ಥಿಯೊಬ್ಬರಿಗೆ ಚಹಾ ಕುಡಿಸಿ, ನಿನ್ನೆ ರಾತ್ರಿ ನಿನ್ನ ಜೊತೆ ಯಾರಿದ್ದರು ಎಂದು ಕೇಳಿ. ಯಾರೂ ಇರಲಿಲ್ಲ ಎಂದರೆ ಅಲ್ಲಿಂದಲೇ ಊರಿಗೆ ಫೋನ್ ಮಾಡಿ, ಬೇಡ ಎಂದು ಹೇಳಿ.