ಕಣ್ಣು ತೋರಿಸಲು ನಾಚಿಕೆ ಏಕೆ?



ಮುಪ್ಪಿನಲ್ಲಿ ಕೂದಲು ನರೆಯುವುದು, ಹಲ್ಲು ಉದುರುವುದು, ಕಣ್ಣು ಮಸಕಾಗುವುದು ದೇಹಧರ್ಮವೆಂದು ಹಿರಿಯರು ಹೇಳುವುದುಂಟು. ಮೊದಲ ಎರಡನ್ನು ನಾವೂ ಒಪ್ಪುತ್ತೇವೆ. ಮೂರನೆಯದನ್ನು ಪರೀಕ್ಷೆ ಮಾಡಿಸದೆ ಒಪ್ಪಿಕೊಳ್ಳುವುದು ಸರಿಯಲ್ಲ.

ಶ್ರೀಮಠಕ್ಕೆ ತಪ್ಪದೆ ಬರುವ ಹಿರಿಯರೊಬ್ಬರು ಅಂಗೈಯ ಇಷ್ಟಲಿಂಗವನ್ನು ಮೂಗಿನ ಹತ್ತಿರಕ್ಕೆ ತಂದು ನೋಡುತ್ತಿದ್ದುದನ್ನು ಕಂಡೆವು. ಕಣ್ಣು ತೋರಿಸಿದಿರಾ ಎಂದು ಕೇಳಿದೆವು. “ಅಕ್ಷರ ಬರಂಗಿಲ್ಲರಿ ಅಪ್ಪಾರ, ಡಾಕ್ಟರ ಮುಂದ ಏನಂತ ಓದಲಿ?” ಎಂದರು. ಅವರನ್ನು ತಡೆದದ್ದು ಬಡತನವಲ್ಲ, ದಾರಿಯ ದೂರವಲ್ಲ, ನಾಚಿಕೆ.

ಈ ನಾಚಿಕೆಗೆ ಕಾರಣವೇ ಇಲ್ಲ. ಓದಲು ಬಾರದವರಿಗೆಂದೇ ಬೇರೆ ಹಲಗೆಯುಂಟು. ಅದರಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿರುತ್ತದೆ. ಹಲ್ಲು ಯಾವ ಕಡೆಗಿವೆ ಎಂದು ಕೈ ತೋರಿಸಿದರೆ ಸಾಕು. ಸಾಮಾನ್ಯವಾಗಿ 6 ಮೀಟರ್, ಅಂದರೆ ಸುಮಾರು 20 ಅಡಿ ದೂರದಲ್ಲಿ ಕೂರಿಸಿ ಒಂದೊಂದೇ ಕಣ್ಣು ಮುಚ್ಚಿ ನೋಡಿಸುತ್ತಾರೆ. ಚೀಟಿಯಲ್ಲಿ 6/60 ಎಂದು ಬರೆದಿದ್ದರೆ, ಒಳ್ಳೆಯ ಕಣ್ಣು 60 ಮೀಟರಿನಿಂದ ಗುರುತಿಸುವುದನ್ನು ಈ ಕಣ್ಣು 6 ಮೀಟರಿಗೆ ಬಂದ ಮೇಲೆ ಗುರುತಿಸುತ್ತದೆ ಎಂದರ್ಥ.

ಒಂದೊಂದೇ ಕಣ್ಣು ಏಕೆ? ಜೋಡೆತ್ತಿನಲ್ಲಿ ಒಂದು ಸೋತರೆ ಇನ್ನೊಂದು ನೊಗ ಎಳೆಯುವಂತೆ, ಒಂದು ಕಣ್ಣು ಕುಂದಿದರೆ ಇನ್ನೊಂದು ಅದರ ಭಾರ ಹೊರುತ್ತದೆ. ಕುಂದಿದ್ದು ನಮಗೆ ತಿಳಿಯುವುದೇ ಇಲ್ಲ.

ಹಲಗೆ ನೋಡಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಗ್ಲಾಕೋಮಾ ಎಂಬ ರೋಗ ಬಹುತೇಕ ನೋವಿಲ್ಲದೆ ಬಂದು ಅಂಚಿನ ನೋಟವನ್ನು ಮೊದಲು ಕಸಿಯುತ್ತದೆ. ಹೋದ ನೋಟ ಮರಳದು, ಉಳಿದದ್ದನ್ನು ಔಷಧದಿಂದ ಕಾಯಬಹುದು. ಆದ್ದರಿಂದ ಕಣ್ಣಿನ ಒತ್ತಡವನ್ನೂ ಒಳಗಿನ ನರವನ್ನೂ ನೋಡಿಸಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಪದರವನ್ನು ತೋರಿಸಬೇಕು. ಪೊರೆ ಹಣ್ಣಾಗಲಿ ಎಂದು ಕಾಯುವುದು ಹಳೆಯ ಕಾಲದ ಮಾತು. ಈಗ ಹಾಗೆ ಕಾಯಬೇಕಿಲ್ಲ. ಸೊಪ್ಪಿನ ರಸ ಹಿಂಡಿ ಕಣ್ಣಿಗೆ ಹುಣ್ಣು ತಂದುಕೊಳ್ಳುವುದಂತೂ ಬೇಡವೇ ಬೇಡ.

1916ರಲ್ಲಿ ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಬಡವರ ಕಣ್ಣಿನ ಪೊರೆ ತೆಗೆದರು. ಅಂದು ವೈದ್ಯರೇ ನಮ್ಮ ಬಾಗಿಲಿಗೆ ಬಂದರು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೇ ಇದೆ. ಸರ್ಕಾರಿ ಆಸ್ಪತ್ರೆಯವರೆಗೆ ನಾವು ಹೋಗಲಾರೆವೇ?

ಆ ಹಿರಿಯರನ್ನು ಮಗನ ಜೊತೆ ಕಳುಹಿಸಿದೆವು. ಎಡಗಣ್ಣಿನ ಪೊರೆ ತೆಗೆದ ಮೇಲೆ ಅದು ಉಳಿಯಿತು. ಬಲಗಣ್ಣು ಗ್ಲಾಕೋಮಾದಿಂದ ಎಂದೋ ಹೋಗಿತ್ತು. ಅವರಿಗೆ ಗೊತ್ತೇ ಇರಲಿಲ್ಲ. ನಾಚಿಕೆಗೆ ತೆತ್ತ ಬೆಲೆ ಒಂದು ಕಣ್ಣು.

ಮಕ್ಕಳಲ್ಲಿ ನಮ್ಮದೊಂದು ಮಾತು. ತಂದೆಯ ಪಾದಕ್ಕೆ ಎರಗುವ ನೀವು ಅವರ ಕಣ್ಣನ್ನೂ ಒಮ್ಮೆ ನೋಡಿರಿ. ತಾಯಿ ತಾನಾಗಿ ಕೇಳುವವಳಲ್ಲ. ಆಕೆಯನ್ನು ಮೊದಲು ಕರೆದೊಯ್ಯಿರಿ. ಸುಗ್ಗಿ ಮುಗಿಯಲಿ ಎನ್ನಬೇಡಿರಿ. ದೇಹವೇ ದೇಗುಲವೆಂದು ನಂಬಿದವರು ಆ ದೇಗುಲದ ದೀಪ ಆರುವವರೆಗೆ ಸುಮ್ಮನಿರಬಾರದು.