ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಪುನರ್‌ರಚನೆ ಕೋರಿ ಮನವಿ ಪತ್ರ

ಗೆ,
ಮುಖ್ಯ ಚುನಾವಣಾ ಆಯುಕ್ತರು,
ಭಾರತ ಚುನಾವಣಾ ಆಯೋಗ, ನವದೆಹಲಿ.

ವಿಷಯ: ಮುಂದಿನ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಘಟ್ಟದ ಮೇಲಿನ ಪ್ರದೇಶಕ್ಕೆ ಪ್ರತ್ಯೇಕ ಲೋಕಸಭಾ ಕ್ಷೇತ್ರ ನೀಡುವ ಬಗ್ಗೆ.

ಮಾನ್ಯರೇ,

2008ರ ಪುನರ್ವಿಂಗಡಣೆಯಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ರದ್ದಾಗಿ ಉಡುಪಿ–ಚಿಕ್ಕಮಗಳೂರು ಕ್ಷೇತ್ರ ರಚನೆಯಾಯಿತು. ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಘಟ್ಟದ ಕೆಳಗಿನವು; ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಮೇಲಿನವು. ನಮ್ಮದೇ ಜಿಲ್ಲೆಯ ಕಡೂರು ಹಾಸನ ಕ್ಷೇತ್ರಕ್ಕೆ ಹೋಯಿತು. ಕ್ಷೇತ್ರಗಳು ಆದಷ್ಟು ಒತ್ತಟ್ಟಿಗಿರಬೇಕು, ಭೌಗೋಳಿಕ ಲಕ್ಷಣ, ಆಡಳಿತದ ಗಡಿ, ಸಂಚಾರ ಸೌಕರ್ಯ ಮತ್ತು ಜನರ ಅನುಕೂಲವನ್ನು ಗಮನಿಸಬೇಕು ಎನ್ನುತ್ತದೆ 2002ರ ಪುನರ್ವಿಂಗಡಣಾ ಕಾಯ್ದೆ. ಈ ಕ್ಷೇತ್ರದಲ್ಲಿ ಅದು ಪಾಲನೆಯಾಗಿಲ್ಲ ಎಂಬುದೇ ನಮ್ಮ ಅಹವಾಲು.

ರಸ್ತೆಯನ್ನೇ ನೋಡಿ. ಉಡುಪಿಯಿಂದ ಆಗುಂಬೆ ಘಾಟಿ ಹತ್ತಿದರೆ ಸಿಗುವುದು ಶಿವಮೊಗ್ಗ ಕ್ಷೇತ್ರದ ತೀರ್ಥಹಳ್ಳಿ ತಾಲ್ಲೂಕು. ಚಾರ್ಮಾಡಿ ಘಾಟಿಗೆ ಬರಬೇಕಾದರೆ ದಕ್ಷಿಣ ಕನ್ನಡ ಕ್ಷೇತ್ರದ ಬೆಳ್ತಂಗಡಿಯನ್ನು ಹಾಯಬೇಕು. ಕ್ಷೇತ್ರದ ಗಡಿ ದಾಟದೆ ಮೇಲೇರುವ ಮುಖ್ಯ ದಾರಿ ಕಾರ್ಕಳ–ಮಾಳ ಮಾರ್ಗ ಮಾತ್ರ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಸಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಒಂದೇ ಕ್ಷೇತ್ರದ ಎರಡು ಭಾಗಗಳ ನಡುವಿನ ಸಂಪರ್ಕಕ್ಕೆ ಪಕ್ಕದ ಕ್ಷೇತ್ರಗಳೇ ಗತಿ.

ಈ ಜೋಡಣೆಯ ಪರಿಣಾಮ ಚುನಾವಣೆಯ ಚರಿತ್ರೆಯಲ್ಲೂ ಕಾಣುತ್ತದೆ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಸ್ಥಾನದಲ್ಲಿ ಇಂದಿರಾ ಗಾಂಧಿ ಅವರು ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಉಪಚುನಾವಣೆಯ ಹೆಮ್ಮೆಯನ್ನು ನಾವು ವಾದಕ್ಕೆ ಬಳಸುತ್ತಿಲ್ಲ. ಹೆಸರಿನ ಮೇಲಿನ ಮಮತೆಯಿಂದ ಕ್ಷೇತ್ರ ಕೇಳುವುದು ಸರಿಯೂ ಅಲ್ಲ. ನಾವು ತೋರಿಸಬಯಸುವುದು ನಂತರದ ದಾಖಲೆಯನ್ನು. ಡಿ.ಎಂ. ಪುಟ್ಟೇಗೌಡ, ತಾರಾದೇವಿ, ಡಿ.ಸಿ. ಶ್ರೀಕಂಠಪ್ಪ ಅವರನ್ನು ಆರಿಸಿದ್ದು ಹಳೆಯ ಚಿಕ್ಕಮಗಳೂರು ಕ್ಷೇತ್ರ. ಹೊಸ ಕ್ಷೇತ್ರದಲ್ಲಿ 2009ರಿಂದ ಗೆದ್ದ ಡಿ.ವಿ. ಸದಾನಂದ ಗೌಡ, ಜಯಪ್ರಕಾಶ್ ಹೆಗ್ಡೆ, ಶೋಭಾ ಕರಂದ್ಲಾಜೆ, ಕೋಟ ಶ್ರೀನಿವಾಸ ಪೂಜಾರಿ ನಾಲ್ವರೂ ಘಟ್ಟದ ಕೆಳಗಿನ ಜಿಲ್ಲೆಗಳವರು. 2024ರಲ್ಲಿ ಎರಡೂ ಪ್ರಮುಖ ಪಕ್ಷಗಳ ಅಭ್ಯರ್ಥಿಗಳು ಉಡುಪಿ ಜಿಲ್ಲೆಯವರೇ. ಇದು ಅವರ ಮೇಲಿನ ದೂರಲ್ಲ. ಆದರೆ ಮಲ್ಪೆಯ ಮೀನುಗಾರರಿಗೂ ಮೂಡಿಗೆರೆಯ ಕಾಫಿ ಬೆಳೆಗಾರರಿಗೂ ಸಂಸತ್ತಿನಲ್ಲಿ ಇರುವುದು ಒಂದೇ ದನಿ. ಡೀಸೆಲ್ ಸಹಾಯಧನ, ಬಂದರಿನ ಹೂಳು ಒಂದು ಕಡೆ. ಕಾಡಾನೆ ಹಾವಳಿ, ಅಡಿಕೆಯ ರೋಗ, ಅರಣ್ಯ ಭೂಮಿಯ ಹಕ್ಕು ಇನ್ನೊಂದು ಕಡೆ. ಎರಡಕ್ಕೂ ಪೂರ್ಣ ಗಮನ ಬೇಕು. ಉಡುಪಿಯ ಮತದಾರರಿಗೂ ಈ ಜೋಡಣೆಯಿಂದ ನಷ್ಟವೇ.

ಜಿಲ್ಲೆಯ ಜನಸಂಖ್ಯೆ ಸಾಲದು ಎಂಬ ಆಕ್ಷೇಪ ನಿಜ. 2011ರ ಜನಗಣತಿಯಂತೆ ಇಲ್ಲಿರುವುದು 11.37 ಲಕ್ಷ ಜನ. ರಾಜ್ಯದ ಒಂದು ಲೋಕಸಭಾ ಕ್ಷೇತ್ರದ ಸರಾಸರಿ ಸುಮಾರು 22 ಲಕ್ಷ. ಆದ್ದರಿಂದಲೇ ಜಿಲ್ಲೆಗೊಂದು ಕ್ಷೇತ್ರ ಎಂದು ನಾವು ಕೇಳುತ್ತಿಲ್ಲ. ಕೊರತೆಯನ್ನು ಘಟ್ಟದ ಮೇಲಿನ ನೆರೆಯ ತಾಲ್ಲೂಕುಗಳಿಂದ ತುಂಬಬಹುದು. ಕಾಫಿ ಬೆಳೆಯುವ ಬೇಲೂರು, ಸಕಲೇಶಪುರ ನಮ್ಮ ಮಗ್ಗುಲಲ್ಲೇ ಇವೆ. ಹಳೆಯ ಕ್ಷೇತ್ರದಲ್ಲೂ ಕರಾವಳಿಯ ಭಾಗವಿತ್ತು ಎನ್ನುವವರಿದ್ದಾರೆ. ಹೌದು, ಆದರೆ ಬೀರೂರು, ಕಡೂರು ಸೇರಿ ಜಿಲ್ಲೆಯ ಆರೂ ವಿಧಾನಸಭಾ ಕ್ಷೇತ್ರಗಳು ಆಗ ಒಟ್ಟಿಗಿದ್ದವು.

ಆದಕಾರಣ, ಈ ಮನವಿಯನ್ನು ಮುಂದಿನ ಪುನರ್ವಿಂಗಡಣಾ ಆಯೋಗದ ಮುಂದಿಡಬೇಕು, ಕಡೂರು ಸೇರಿದಂತೆ ಇಡೀ ಜಿಲ್ಲೆಯನ್ನು ಒಂದೇ ಲೋಕಸಭಾ ಕ್ಷೇತ್ರದಲ್ಲಿ ಉಳಿಸಬೇಕು, ಕರಡು ಪ್ರಕಟವಾದ ಮೇಲೆ ಚಿಕ್ಕಮಗಳೂರಿನಲ್ಲೇ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು ಎಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಚಿಕ್ಕಮಗಳೂರು ಜಿಲ್ಲೆಯ ಮತದಾರರು