ಓದುಗರ ಮಾತು: ‘ತುಳಸಿದಳ’

ಪಟ್ಟಣದ ವಿದ್ಯಾವಂತರ ಮನೆಯ ಪುಟ್ಟ ಹುಡುಗಿ ತುಳಸಿಯ ಮೇಲೆ ಮಾಟ ನಡೆಯುವ ಕಥೆಯೇ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. 1985ರಲ್ಲಿ ಇದು ಕನ್ನಡ ಚಲನಚಿತ್ರವೂ ಆಯಿತು. ರಾಯದುರ್ಗ, ಮಡಕಶಿರಗಳ ನಮ್ಮ ಮನೆಗಳಲ್ಲಿ ಎರಡು ಭಾಷೆಯೂ ಬರುವುದರಿಂದ ಕೆಲವರು ಮೂಲ ತೆಲುಗಿನಲ್ಲಿ, ಕೆಲವರು ಕನ್ನಡ ಅನುವಾದದಲ್ಲಿ ಓದಿದ್ದಾರೆ.

“ಕೈಯಿಂದ ಕೆಳಗಿಡಲಾಗಲಿಲ್ಲ” ಎಂದರು ಅಂಗಡಿಯಲ್ಲಿ ಕೂತು ಓದಿದ ತರುಣರು. “ರಾತ್ರಿ ಹಿತ್ತಿಲಿಗೆ ಹೋಗಲು ಭಯವಾಯಿತು” ಎಂದರು ಸೊಸೆಯಂದಿರು. “ಮೂಢನಂಬಿಕೆ ಬಿತ್ತುವ ಪುಸ್ತಕ” ಎಂದು ಹಿರಿಯರು ಗದರಿದರು.

ಮೂರೂ ಮಾತು ನಿಜವೆಂದೇ ನಮಗೆ ತೋರುತ್ತದೆ. ಅವರವರ ಕರ್ಮಕ್ಕೆ ತಕ್ಕ ಫಲವೆಂದು ನಂಬುವ ನಮಗೆ ಮಾಟದ ಅಂಜಿಕೆ ಏಕೆ? ಕಥೆಯನ್ನು ಕಥೆಯಾಗಿ ಸವಿಯೋಣ. ಆದರೆ ಮಗುವಿನ ಜ್ವರ ಇಳಿಯದಿದ್ದಾಗ ತಾಯಿತಕ್ಕೆ ಅಲೆದು ಡಾಕ್ಟರರ ಬಳಿ ಹೋಗಲು ಒಂದು ದಿನ ತಡವಾದರೂ, ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತುಂಬಿಕೊಡದು.